ಕಾಲ ಕೆಳಗೆ ಲಾವಾ ಸಮುದ್ರ ಇದೆಯಾ? ಕೊರೆಯದೆ ಭೂಮಿಯ ಒಳಗು ತಿಳಿದದ್ದು ಹೇಗೆ?

ಪ್ರಶ್ನೆ: ಮನುಷ್ಯ ಕೊರೆದಿರುವ ಅತಿ ಆಳದ ರಂಧ್ರವೇ 12 ಕಿಲೋಮೀಟರ್ ಅಂತ ಓದಿದೆ. ಹಾಗಿದ್ದ ಮೇಲೆ 2,900 ಕಿ.ಮೀ. ಕೆಳಗೆ ಕಬ್ಬಿಣ ಇದೆ, ಅದೂ ದ್ರವವಾಗಿದೆ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ಇದೆಲ್ಲ ಬರೀ ಊಹೆಯಾ? ಇನ್ನೊಂದು ಸಂದೇಹ. ಪುಸ್ತಕದ ಚಿತ್ರಗಳಲ್ಲಿ ತೆಳುವಾದ ಭೂಕವಚ, ಅದರ ಕೆಳಗೆಲ್ಲ ಕೆಂಪು ಬೆಂಕಿ ತೋರಿಸುತ್ತಾರೆ. ನಾವು ನಿಂತಿರುವುದು ಲಾವಾ ಸಮುದ್ರದ ಮೇಲೆ ತೇಲುತ್ತಿರುವ ಹಲಗೆಯ ಮೇಲಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಮ್ಮ ಕೆಳಗೆ ಲಾವಾ ಸಮುದ್ರ ಇಲ್ಲ. ಭೂಕವಚದ ಕೆಳಗಿರುವ ಮ್ಯಾಂಟಲ್ ಗಟ್ಟಿ ಕಲ್ಲು. 2,900 ಕಿ.ಮೀ. ಆಳದವರೆಗೂ ಕಲ್ಲೇ. ಭೂಮಿಯ ಒಟ್ಟು ಗಾತ್ರದಲ್ಲಿ ನೂರಕ್ಕೆ 84 ಪಾಲು ಈ ಮ್ಯಾಂಟಲ್. ಅದು ಕೆಂಪಗೆ ಕಾದಿದೆ ಅನ್ನುವುದು ನಿಜ. ಆದರೆ ಕಾದ ಕಲ್ಲು ಬೇರೆ, ಕರಗಿದ ಕಲ್ಲು ಬೇರೆ. ಚಿತ್ರಗಳಲ್ಲಿ ಮ್ಯಾಂಟಲ್‌ಗೆ ಕೆಂಪು, ಕಿತ್ತಳೆ ಬಣ್ಣ ಬಳಿದೂ ಬಳಿದೂ ಈ ತಪ್ಪು ಕಲ್ಪನೆ ಎಲ್ಲರ ತಲೆಯಲ್ಲೂ ಭದ್ರವಾಗಿ ಕೂತಿದೆ. ಭೂವಿಜ್ಞಾನ ಓದಲು ಬರುವ ಹೊಸಬರೂ ಇದನ್ನೇ ನಂಬಿಕೊಂಡು ಬಂದಿರುತ್ತಾರೆ. ಹಾಗಾಗಿ ನೀವು ಕೇಳಿದ್ದು ಒಳ್ಳೆಯದಾಯಿತು.

ದ್ರವ ಇರುವುದು ಮ್ಯಾಂಟಲ್‌ನ ಕೆಳಗೆ, ಹೊರ ಕೇಂದ್ರಗೋಳದಲ್ಲಿ, ಅಂದರೆ ಭೂಮಿಯ ನಡುವಿನಲ್ಲಿರುವ ಗೋಳದ ಹೊರಭಾಗದಲ್ಲಿ. ಅದು ಕರಗಿದ ಲೋಹ. ಜ್ವಾಲಾಮುಖಿಗಳು ಉಗುಳುವ ಲಾವಾಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಇದು ಊಹೆಯಾ ಅನ್ನುವ ಪ್ರಶ್ನೆ. ಇದಕ್ಕೆ ಒಂದೇ ಮಾತಿನ ಉತ್ತರ ಕೊಟ್ಟರೆ ಸರಿಹೋಗದು. ನಮಗೆ ಗೊತ್ತಿರುವುದರಲ್ಲಿ ಕೆಲವು ನೇರವಾಗಿ ಅಳೆದದ್ದು. ಕೆಲವು ಆ ಅಳತೆಯಿಂದ ತೀರ್ಮಾನಿಸಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಕೊರೆದು ನೋಡಿದ್ದರಿಂದಲೇ ಶುರುಮಾಡೋಣ. ನೀವು ಓದಿದ್ದು ರಷ್ಯಾದ ಕೋಲಾ ಪರ್ಯಾಯ ದ್ವೀಪದ ರಂಧ್ರದ ಬಗ್ಗೆ ಇರಬೇಕು. ಸೋವಿಯತ್ ಒಕ್ಕೂಟ ಅದನ್ನು ಕೊರೆಯಲು ಶುರುಮಾಡಿದ್ದು 1970ರಲ್ಲಿ. 12,262 ಮೀಟರ್ ಮುಟ್ಟಿದ್ದು 1989ರಲ್ಲಿ. ಭೂಮಿಯ ಕೇಂದ್ರ ಇರುವುದು 6,371 ಕಿ.ಮೀ. ಕೆಳಗೆ. ಅಂದರೆ ಅಷ್ಟು ವರ್ಷ ಕಷ್ಟಪಟ್ಟು ಇಳಿದದ್ದು ದಾರಿಯ ಐನೂರನೇ ಒಂದು ಪಾಲು. ಅಲ್ಲಿನ ಭೂಕವಚದಲ್ಲೇ ಮೂರನೇ ಒಂದು ಪಾಲು ಮಾತ್ರ ದಾಟಿದ್ದು. ತಳದಲ್ಲಿ 100 ಡಿಗ್ರಿ ಬಿಸಿ ಇರಬಹುದು ಅಂದುಕೊಂಡಿದ್ದರು, ಸಿಕ್ಕಿದ್ದು 180 ಡಿಗ್ರಿ. ಆ ಬಿಸಿ, ಆ ಒತ್ತಡದಲ್ಲಿ ಕಲ್ಲಿನ ಗುಣವೇ ಬದಲಾಗಿ ಮುಂದೆ ಕೊರೆಯುವುದು ಆಗದ ಮಾತಾಯಿತು.

ಆ ರಂಧ್ರ ಒಂದು ದೊಡ್ಡ ಪಾಠ ಕಲಿಸಿತು. ಆ ಪ್ರದೇಶದಲ್ಲಿ ಸುಮಾರು 7 ಕಿ.ಮೀ. ಆಳದಲ್ಲಿ ಕಂಪನದ ಅಲೆಗಳು ವೇಗ ಬದಲಿಸುತ್ತವೆ ಅಂತ ಮೊದಲೇ ಅಳೆದಿದ್ದರು. ಅಲ್ಲಿ ಗ್ರಾನೈಟ್ ಮುಗಿದು ಬಸಾಲ್ಟ್ ಶುರುವಾಗುತ್ತದೆ ಅಂತ ತೀರ್ಮಾನಿಸಿದ್ದರು. ಕೊರೆದು ನೋಡಿದರೆ ಬಸಾಲ್ಟ್ ಇರಲೇ ಇಲ್ಲ. ಗ್ರಾನೈಟ್ ಜಾತಿಯ ಕಲ್ಲೇ ಮುಂದುವರಿದಿತ್ತು. ಶಾಖ, ಒತ್ತಡಕ್ಕೆ ಸಿಕ್ಕು ರೂಪಾಂತರಗೊಂಡು, ಬಿರುಕು ಬಿಟ್ಟು, ಬಿರುಕುಗಳಲ್ಲಿ ನೀರು ತುಂಬಿಕೊಂಡಿತ್ತು. ನೋಡಿ, ವೇಗ ಬದಲಾಗುತ್ತದೆ ಅನ್ನುವ ಅಳತೆ ಸರಿಯಾಗಿಯೇ ಇತ್ತು. ಅದಕ್ಕೆ ಕೊಟ್ಟ ಕಾರಣ ತಪ್ಪಾಗಿತ್ತು. ಅಲೆಗಳು ವೇಗ ಹೇಳುತ್ತವೆ, ಕಲ್ಲಿನ ಹೆಸರು ಹೇಳುವುದಿಲ್ಲ. ಹೆಸರು ಹೇಳಬೇಕಾದರೆ ಬೇರೆ ಸಾಕ್ಷಿ ಬೇಕು.

ಹಾಗಾದರೆ ಏನೇನು ಸಾಕ್ಷಿ ಇದೆ?

ಒಳಗೆ ಏನೋ ಭಾರವಾದದ್ದು ಇದೆ ಅನ್ನುವುದು ಭೂಕಂಪ ಅಳೆಯುವ ಉಪಕರಣಗಳು ಬರುವುದಕ್ಕೆ ಮೊದಲೇ ಗೊತ್ತಿತ್ತು. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ದೊಡ್ಡ ಸೀಸದ ಗುಂಡುಗಳು ಚಿಕ್ಕ ಗುಂಡುಗಳನ್ನು ಎಷ್ಟು ಬಲದಿಂದ ಸೆಳೆಯುತ್ತವೆ ಅಂತ ಅಳೆದರು. ಆ ಪುಟ್ಟ ಸೆಳೆತ ಗೊತ್ತಾದರೆ ಇಡೀ ಭೂಮಿಯ ತೂಕವನ್ನು ಲೆಕ್ಕ ಹಾಕಬಹುದು. ಭೂಮಿ ಒಟ್ಟಾರೆ ನೀರಿಗಿಂತ ಸುಮಾರು 5.45 ಪಟ್ಟು ಸಾಂದ್ರ ಅಂತ ಅವರಿಗೆ ಸಿಕ್ಕಿತು. ಇವತ್ತಿನ ಲೆಕ್ಕ 5.51. ಕೋಣೆಯೊಳಗೆ ಕೂತು, ಆ ಕಾಲದ ಸಲಕರಣೆಯಲ್ಲಿ ಇಷ್ಟು ಹತ್ತಿರ ಬಂದದ್ದು ನನಗೆ ಇವತ್ತಿಗೂ ಬೆರಗು. ಈಗ ಮೇಲೆ ಸಿಗುವ ಕಲ್ಲುಗಳನ್ನು ತೂಗಿ ನೋಡಿ. ಗ್ರಾನೈಟ್ 2.7, ಬಸಾಲ್ಟ್ 3ರ ಆಸುಪಾಸು. ಮೇಲಿನದು 3ಕ್ಕಿಂತ ಕಡಿಮೆ, ಸರಾಸರಿ 5.5. ಹಾಗಾದರೆ ಒಳಗೆಲ್ಲೋ 5.5ಕ್ಕಿಂತ ತುಂಬ ಜಾಸ್ತಿ ಇರುವುದು ಇರಲೇಬೇಕು, ಅಲ್ವಾ? ಕಲ್ಲು ಒತ್ತಡಕ್ಕೆ ಸಿಕ್ಕು ಸ್ವಲ್ಪ ಗಟ್ಟಿಯಾಗುತ್ತದೆ ನಿಜ, ಆದರೆ ಅದೊಂದೇ ಸಾಲದು. ಸೂರ್ಯ, ಚಂದ್ರರ ಸೆಳೆತಕ್ಕೆ ಭೂಮಿಯ ಅಕ್ಷ ನಿಧಾನವಾಗಿ ಸುತ್ತು ಹಾಕುವ ರೀತಿಯೂ ಇದನ್ನೇ ಹೇಳುತ್ತದೆ: ಭಾರ ಎಲ್ಲ ಕಡೆ ಸಮನಾಗಿ ಹಂಚಿಲ್ಲ, ನಡುವಿನಲ್ಲಿ ಕೂಡಿಕೊಂಡಿದೆ.

ಆದರೆ ಪದರಗಳ ಲೆಕ್ಕ ಸಿಕ್ಕಿದ್ದು ಭೂಕಂಪಗಳಿಂದ. 1889ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಭೂಕಂಪವಾದಾಗ, ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿದ್ದ ಒಂದು ಸೂಕ್ಷ್ಮ ಉಪಕರಣ ಅಲುಗಾಡಿತು. ಅರ್ಧ ಭೂಮಿ ದಾಟಿ ಬಂದ ನಡುಕವನ್ನು ಗುರುತಿಸಿದ ಮೊದಲ ಸಲ ಅದು. ಒಂದು ಕಡೆ ಆದ ಕಂಪನ ಭೂಮಿಯ ಒಡಲಿನೊಳಗಿಂದ ಹಾದು ಇನ್ನೊಂದು ಕಡೆ ಬರುತ್ತದೆ ಅನ್ನುವುದು ಖಾತ್ರಿಯಾಯಿತು. ಅಂದಮೇಲೆ ದಾರಿಯಲ್ಲಿ ಏನು ಸಿಕ್ಕಿತು ಅನ್ನುವುದರ ಗುರುತೂ ಅದರಲ್ಲಿ ಇರಬೇಕು.

ಸೀಸ್ಮೋಗ್ರಾಫ್ ಬರೆದ ಗೆರೆಯೊಂದನ್ನು ಹತ್ತಿರದಿಂದ ನೋಡೋಣ. ಗೆರೆ ಸಣ್ಣಗೆ ನಡುಗುತ್ತ ಸಾಗುತ್ತಿರುತ್ತದೆ. ಗಾಳಿ, ಸಮುದ್ರದ ಅಲೆ, ರಸ್ತೆಯ ಲಾರಿ, ಎಲ್ಲದರ ನಡುಕವೂ ಅದರಲ್ಲಿ ಸೇರಿರುತ್ತದೆ. ಇದ್ದಕ್ಕಿದ್ದಂತೆ ಚೂಪಾದ ಒಂದು ಏರಿಳಿತ. ಅದು ಪಿ ಅಲೆ, ಎಲ್ಲರಿಗಿಂತ ಮೊದಲು ಬರುವುದು. ಅದು ಕಲ್ಲನ್ನು ಮುಂದಕ್ಕೆ ಒತ್ತುತ್ತ, ಹಿಂದಕ್ಕೆ ಎಳೆಯುತ್ತ ಸಾಗುತ್ತದೆ. ಆಮೇಲೆ ಗೆರೆ ಸ್ವಲ್ಪ ತಣ್ಣಗಾಗುತ್ತದೆ. ಮತ್ತೆ ಇನ್ನೊಂದು ಏಟು, ಮೊದಲಿನದಕ್ಕಿಂತ ದೊಡ್ಡದು, ಅಗಲವಾದದ್ದು. ಇದು ಎಸ್ ಅಲೆ. ಇದು ಕಲ್ಲನ್ನು ಅಡ್ಡಡ್ಡಕ್ಕೆ ಅಲ್ಲಾಡಿಸುತ್ತ ಬರುತ್ತದೆ. ಕೊನೆಗೆ ನೆಲದ ಮೇಲ್ಮೈಯಲ್ಲೇ ಸಾಗುವ ಉದ್ದನೆಯ ಅಲೆಗಳು ಬರುತ್ತವೆ. ಪಿ ಮತ್ತು ಎಸ್ ನಡುವೆ 50 ಸೆಕೆಂಡ್ ಅಂತರ ಇದ್ದರೆ, ಭೂಕಂಪ ಸುಮಾರು 400 ಕಿ.ಮೀ. ದೂರದಲ್ಲಿ ಆಗಿದೆ ಅಂತ ಅರ್ಥ. ಹತ್ತಿರದ ಭೂಕಂಪಗಳಿಗೆ ಸೆಕೆಂಡಿಗೆ 8 ಕಿ.ಮೀ. ಅನ್ನುವ ಈ ಸರಳ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಈ ಮೂರು ಬಗೆಯ ಅಲೆಗಳನ್ನು ದೂರದ ದಾಖಲೆಗಳಲ್ಲಿ ಬೇರೆ ಬೇರೆಯಾಗಿ ಗುರುತಿಸಿದವರು ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದವರು. 1897ರ ಜೂನ್ 12ರಂದು ಶಿಲ್ಲಾಂಗ್ ಪ್ರಸ್ಥಭೂಮಿಯನ್ನು ನಡುಗಿಸಿದ ಮಹಾ ಭೂಕಂಪದ ಅಧ್ಯಯನ ಮಾಡಿ, ಅದರ ಅಲೆಗಳು ಯುರೋಪಿನ ಉಪಕರಣಗಳಿಗೆ ಯಾವಾಗ ಮುಟ್ಟಿದವು ಅಂತ ಹೊಂದಿಸಿ ನೋಡಿದರು.

ಎಸ್ ಅಲೆಯ ಒಂದು ಗುಣದ ಮೇಲೆ ಈ ಇಡೀ ವಿಷಯ ನಿಂತಿದೆ. ಅದು ದ್ರವದಲ್ಲಿ ಸಾಗುವುದಿಲ್ಲ. ಗಟ್ಟಿ ವಸ್ತುವನ್ನು ಅಡ್ಡಕ್ಕೆ ತಳ್ಳಿ ಬಿಟ್ಟರೆ ಅದು ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಹಾಗೆ ಹೋಗಿ ಬರುವುದರಿಂದಲೇ ಅಲೆ ಹುಟ್ಟುವುದು. ದ್ರವ ವಾಪಸ್ ಬರುವುದಿಲ್ಲ, ಸುಮ್ನೆ ಜಾರಿ ಹೋಗುತ್ತದೆ. ಈಗ ಯೋಚಿಸಿ. ಎಸ್ ಅಲೆಗಳು ದಿನವೂ ಮ್ಯಾಂಟಲ್‌ನ ಮೂಲಕ ಹಾದುಹೋಗುತ್ತಿವೆ. ಸಾವಿರ, ಎರಡು ಸಾವಿರ ಕಿ.ಮೀ. ಆಳಕ್ಕೆ ಇಳಿದು, ಬಾಗಿ, ಮೇಲೆ ಬರುತ್ತವೆ. ಭೂಕವಚದ ಕೆಳಗೆ ಲಾವಾ ಸಮುದ್ರ ಇದ್ದಿದ್ದರೆ ಅವು ಅಲ್ಲೇ ಸತ್ತುಹೋಗಬೇಕಿತ್ತು. ಇನ್ನೂ ಒಂದು ಮಾತು. ಕೆಲವು ಭೂಕಂಪಗಳು ಹುಟ್ಟುವುದೇ ಮ್ಯಾಂಟಲ್‌ನೊಳಗೆ. 1994ರ ಜೂನ್ 9ರಂದು ಬೊಲಿವಿಯಾದಲ್ಲಿ 8.2 ತೀವ್ರತೆಯ ಭೂಕಂಪ ಆಯಿತು. ಅದು ಹುಟ್ಟಿದ್ದು 600 ಕಿ.ಮೀ.ಗಿಂತ ಆಳದಲ್ಲಿ. ದ್ರವದಲ್ಲಿ ಭೂಕಂಪ ಹುಟ್ಟಲು ಸಾಧ್ಯವೇ ಇಲ್ಲ.

ಭೂಕವಚ ಎಲ್ಲಿ ಮುಗಿಯುತ್ತದೆ ಅಂತ ಕಂಡುಹಿಡಿದ ಕಥೆ ನನಗೆ ತುಂಬ ಇಷ್ಟ. 1909ರ ಅಕ್ಟೋಬರ್ 8ರಂದು ಕ್ರೊಯೇಷಿಯಾದ ಜಾಗ್ರೆಬ್ ಹತ್ತಿರ ಭೂಕಂಪ ಆಯಿತು. ಆಂದ್ರಿಯಾ ಮೊಹೊರೊವಿಚಿಚ್ ಬೇರೆ ಬೇರೆ ಊರುಗಳ ದಾಖಲೆ ತರಿಸಿ ಸಾಲಾಗಿ ಇಟ್ಟು ನೋಡಿದರು. ಹತ್ತಿರದ ಕೇಂದ್ರಗಳಲ್ಲಿ ಪಿ ಅಲೆ ಒಂದೇ ಸಲ ಬಂದಿತ್ತು. ದೂರದ ಕೇಂದ್ರಗಳಲ್ಲಿ ಎರಡು ಸಲ ಬಂದಿತ್ತು! ಒಂದೇ ಭೂಕಂಪ, ಒಂದೇ ಜಾತಿಯ ಅಲೆ, ಎರಡು ಸಲ ಹೇಗೆ? ಅವರ ಉತ್ತರ ಹೀಗಿತ್ತು. ಒಂದು ಅಲೆ ನೇರವಾಗಿ ಭೂಕವಚದಲ್ಲೇ ಬಂತು, ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ. ಇನ್ನೊಂದು ಕೆಳಗಿಳಿದು, ಹೆಚ್ಚು ಗಟ್ಟಿಯಾದ ಪದರದಲ್ಲಿ ಸುಮಾರು 8 ಕಿ.ಮೀ. ವೇಗದಲ್ಲಿ ಓಡಿ, ಮತ್ತೆ ಮೇಲೆ ಬಂತು. ಊರೊಳಗಿನ ರಸ್ತೆ ಹತ್ತಿರ, ಬೈಪಾಸ್ ಸುತ್ತು. ಆದರೂ ದೂರ ಹೋಗುವವರಿಗೆ ಬೈಪಾಸೇ ಬೇಗ. ಹಾಗೆಯೇ ಇದು. ಎಷ್ಟು ದೂರದಲ್ಲಿ ಕೆಳಗಿನ ಅಲೆ ಮೇಲಿನದನ್ನು ಹಿಂದೆ ಹಾಕುತ್ತದೆ ಅಂತ ಗೊತ್ತಾದರೆ, ಆ ಪದರ ಎಷ್ಟು ಆಳದಲ್ಲಿದೆ ಅನ್ನುವುದು ಶಾಲೆಯ ಗಣಿತದಲ್ಲೇ ಸಿಗುತ್ತದೆ. ಅವರಿಗೆ ಸಿಕ್ಕಿದ್ದು 54 ಕಿ.ಮೀ. ಭೂಕವಚ ಮತ್ತು ಮ್ಯಾಂಟಲ್ ಸೇರುವ ಆ ಗಡಿಯನ್ನು ಇವತ್ತು ಅವರ ಹೆಸರಿನಲ್ಲೇ ಚುಟುಕಾಗಿ ಮೋಹೋ ಅನ್ನುತ್ತೇವೆ. ಆಮೇಲೆ ಪ್ರಪಂಚದ ಎಲ್ಲೆಡೆ ಅದು ಸಿಕ್ಕಿತು. ಸಾಗರದ ತಳದಿಂದ ಬರೀ 7 ಕಿ.ಮೀ. ಕೆಳಗೆ, ಖಂಡಗಳ ಅಡಿಯಲ್ಲಿ ಸಾಮಾನ್ಯವಾಗಿ 35ರಿಂದ 40 ಕಿ.ಮೀ., ಹಿಮಾಲಯ ಮತ್ತು ಟಿಬೆಟ್ ಕೆಳಗೆ 70 ಕಿ.ಮೀ.ವರೆಗೂ.

ಈಗ ಕೇಂದ್ರಗೋಳಕ್ಕೆ ಬರೋಣ. 1906ರಲ್ಲಿ ಅದೇ ಓಲ್ಡ್‌ಹ್ಯಾಮ್ ಒಂದು ವಿಷಯ ಗಮನಿಸಿದರು. ಭೂಮಿಯ ಆಚೆ ಬದಿಗೆ ಹೋಗುವ ಅಲೆಗಳು ಲೆಕ್ಕಕ್ಕಿಂತ ತಡವಾಗಿ ಬರುತ್ತಿದ್ದವು. ಆಳಕ್ಕೆ ಇಳಿದಂತೆ ವೇಗ ಹೆಚ್ಚಾಗುತ್ತ ಹೋಗಬೇಕು. ಆದರೆ ನಡುವಿನಲ್ಲಿ ಏನೋ ಅವನ್ನು ನಿಧಾನ ಮಾಡುತ್ತಿತ್ತು. ಬೆನೊ ಗುಟೆನ್‌ಬರ್ಗ್ ಕೆಲವೇ ವರ್ಷಗಳಲ್ಲಿ ಆ ಗಡಿಯ ಆಳವನ್ನು ಲೆಕ್ಕ ಹಾಕಿ 2,900 ಕಿ.ಮೀ. ಅಂದರು. ನೂರು ವರ್ಷ ಕಳೆದು, ಸಾವಿರಾರು ಸೀಸ್ಮೋಗ್ರಾಫ್, ಕಂಪ್ಯೂಟರ್ ಎಲ್ಲ ಬಂದ ಮೇಲೆ ಇವತ್ತಿನ ಸಂಖ್ಯೆ ಸುಮಾರು 2,890. ಅಂದರೆ ವ್ಯತ್ಯಾಸ ಹತ್ತು ಕಿ.ಮೀ. ಆಸುಪಾಸು. ಊಹೆ ಮಾಡಿ ಇಷ್ಟು ಹತ್ತಿರ ಬರಲು ಆಗುವುದಿಲ್ಲ. ಇದು ಅಳತೆ.

ಆ ಗಡಿಯಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ 13.7 ಕಿ.ಮೀ.ಯಿಂದ ಒಮ್ಮೆಲೇ 8ಕ್ಕೆ ಇಳಿಯುತ್ತದೆ. ಎಸ್ ಅಲೆ ಮುಂದೆ ಹೋಗುವುದೇ ಇಲ್ಲ. ಹೀಗಾಗಿ ಎಲ್ಲೇ ದೊಡ್ಡ ಭೂಕಂಪ ಆಗಲಿ, ಅಲ್ಲಿಂದ ಸುಮಾರು 11,500 ಕಿ.ಮೀ. ಆಚೆ ನೇರ ಎಸ್ ಅಲೆ ಸಿಗುವುದಿಲ್ಲ. ಅಲ್ಲಿಂದ ಮುಂದೆ ಸುಮಾರು 15,500 ಕಿ.ಮೀ.ವರೆಗೆ ಪಿ ಅಲೆಗೂ ನೆರಳು. ಭೂಮಿಯ ಮೇಲೆ ಒಂದು ಪಟ್ಟಿಯ ಹಾಗೆ ಈ ನೆರಳು ಬೀಳುತ್ತದೆ. ಭೂಕಂಪದ ಜಾಗ ಬದಲಾದರೆ ನೆರಳೂ ಅದಕ್ಕೆ ತಕ್ಕಂತೆ ಸರಿಯುತ್ತದೆ.

ಕೇಂದ್ರಗೋಳ ದ್ರವ ಅಂತ ಒಪ್ಪಿಸಿದ್ದು ಮಾತ್ರ ಸಮುದ್ರದ ಉಬ್ಬರವಿಳಿತ ಸೇರಿದ ಒಂದು ವಾದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮ ಎರಡೂ ಪ್ರಶ್ನೆಗಳು ಇಲ್ಲಿ ಕೂಡುತ್ತವೆ. 1860ರ ದಶಕದಲ್ಲೂ ಅನೇಕರು ಭೂಮಿ ಅಂದರೆ ತೆಳು ಕವಚ, ಒಳಗೆಲ್ಲ ದ್ರವ ಅಂತಲೇ ನಂಬಿದ್ದರು. ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದ ವಿಲಿಯಂ ಥಾಮ್ಸನ್ ಅದನ್ನು ಒಪ್ಪಲಿಲ್ಲ. ಒಳಗೆಲ್ಲ ದ್ರವ ಇದ್ದಿದ್ದರೆ, ಚಂದ್ರನ ಸೆಳೆತಕ್ಕೆ ಸಮುದ್ರ ಉಬ್ಬುವಷ್ಟೇ ನೆಲವೂ ಉಬ್ಬಬೇಕು. ನೀರೂ ನೆಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ದಡದಲ್ಲಿ ನಿಂತವರಿಗೆ ಉಬ್ಬರವೇ ಕಾಣಿಸುವುದಿಲ್ಲ. ಆದರೆ ಉಬ್ಬರ ಕಾಣಿಸುತ್ತದೆ. ಆದ್ದರಿಂದ ಭೂಮಿ ಒಟ್ಟಾರೆ ಉಕ್ಕಿನಷ್ಟು ಗಟ್ಟಿ ಇರಬೇಕು ಅಂದರು ಅವರು. ಕಡಲಿನ ದಡದಲ್ಲಿ ದಿನಕ್ಕೆ ಎರಡು ಸಲ ಎಲ್ಲರೂ ನೋಡುವ ಸಂಗತಿಯಿಂದ ಲಾವಾ ಸಮುದ್ರದ ಕಲ್ಪನೆ ಬಿದ್ದುಹೋಯಿತು.

ನೆಲ ಪೂರ್ತಿ ಬಾಗುವುದೇ ಇಲ್ಲ ಅಂತಲ್ಲ. ದಿನಕ್ಕೆ ಎರಡು ಸಲ ಅದು ಕೆಲವು ಕಡೆ ಒಂದಡಿಯಷ್ಟು ಏರಿ ಇಳಿಯುತ್ತದೆ. ನಮ್ಮ ಸುತ್ತಲಿನದೆಲ್ಲ ಒಟ್ಟಿಗೆ ಏರುವುದರಿಂದ ಗೊತ್ತಾಗುವುದಿಲ್ಲ. ಈ ಬಾಗುವಿಕೆಯನ್ನೇ ಹೆರಾಲ್ಡ್ ಜೆಫ್ರೀಸ್ 1926ರಲ್ಲಿ ಲೆಕ್ಕಕ್ಕೆ ತಂದರು. ಮ್ಯಾಂಟಲ್ ಎಷ್ಟು ಗಟ್ಟಿ ಅಂತ ಎಸ್ ಅಲೆಗಳಿಂದ ಗೊತ್ತಿತ್ತು. ಇಡೀ ಭೂಮಿ ಎಷ್ಟು ಗಟ್ಟಿ ಅಂತ ಉಬ್ಬರವಿಳಿತದಿಂದ ಗೊತ್ತಿತ್ತು. ಹೋಲಿಸಿದರೆ ಇಡೀ ಭೂಮಿ ಮ್ಯಾಂಟಲ್‌ಗಿಂತ ಮೆತ್ತಗಿತ್ತು. ಹಾಗಾದರೆ ಉಳಿದ ಭಾಗ, ಅಂದರೆ ಕೇಂದ್ರಗೋಳ, ಗಟ್ಟಿಯಾಗಿರಲು ಸಾಧ್ಯವೇ ಇಲ್ಲ. ಅದು ದ್ರವ.

ಅಲ್ಲಿಗೂ ಮುಗಿಯಲಿಲ್ಲ. ಪಿ ಅಲೆಯ ನೆರಳು ಬೀಳಬೇಕಾದ ಜಾಗದಲ್ಲಿ ಸಣ್ಣ ಸಣ್ಣ ಅಲೆಗಳು ಕಾಣಿಸುತ್ತಿದ್ದವು. ಅಂಚಿನಲ್ಲಿ ಬಾಗಿ ಬಂದಿರಬೇಕು ಅಂತ ಹೆಚ್ಚಿನವರು ಅದನ್ನು ಅಷ್ಟಕ್ಕೇ ಬಿಟ್ಟರು. ಡೆನ್ಮಾರ್ಕಿನ ಇಂಗೆ ಲೇಮನ್ ಬಿಡಲಿಲ್ಲ. 1929ರಲ್ಲಿ ನ್ಯೂಜಿಲೆಂಡಿನಲ್ಲಿ ಆದ ಭೂಕಂಪದ ದಾಖಲೆಗಳನ್ನು ಹಿಡಿದು ಕೂತರು. ಆ ಅಲೆಗಳು ಸುಮ್ನೆ ಬಾಗಿ ಬಂದವಲ್ಲ, ದ್ರವದ ನಡುವೆ ಇರುವ ಇನ್ನೊಂದು ಗೋಳಕ್ಕೆ ಬಡಿದು ತಿರುಗಿ ಬಂದವು ಅಂತ 1936ರಲ್ಲಿ ತೋರಿಸಿದರು. ಅದೇ ಒಳ ಕೇಂದ್ರಗೋಳ, 1,220 ಕಿ.ಮೀ. ತ್ರಿಜ್ಯದ್ದು. ಅದು ಗಟ್ಟಿ ಅನ್ನುವುದು ಖಚಿತವಾದದ್ದು 1971ರಲ್ಲಿ, ದೊಡ್ಡ ಭೂಕಂಪಗಳ ನಂತರ ಇಡೀ ಭೂಮಿ ಗಂಟೆಗಟ್ಟಲೆ, ದಿನಗಟ್ಟಲೆ ಮಿಡಿಯುವ ರೀತಿಯನ್ನು ಅಳೆದಾಗ. 1960ರ ಚಿಲಿ ಭೂಕಂಪದ ನಂತರ ಭೂಮಿ ಹೀಗೆ ಮಿಡಿದದ್ದು ಸ್ಪಷ್ಟವಾಗಿ ದಾಖಲಾಗಿತ್ತು. ಆ ಮಿಡಿತಗಳಲ್ಲಿ ಎಲ್ಲಕ್ಕಿಂತ ನಿಧಾನದ್ದು 54 ನಿಮಿಷಕ್ಕೊಂದು.

ಇಷ್ಟೂ ಅಳತೆ. ಕಬ್ಬಿಣ ಅನ್ನುವುದು ತೀರ್ಮಾನ, ಯಾಕಂದರೆ ಅಲೆ ಹೆಸರು ಹೇಳುವುದಿಲ್ಲ ಅಂತ ಆಗಲೇ ನೋಡಿದೆವು. ಆದರೆ ಈ ತೀರ್ಮಾನದ ಹಿಂದೆ ಒಂದಕ್ಕೊಂದು ಸಂಬಂಧ ಇಲ್ಲದ ಹಲವು ಸಾಕ್ಷಿಗಳಿವೆ. ಕೇಂದ್ರಗೋಳದ ಸಾಂದ್ರತೆ ನೀರಿನ 10ರಿಂದ 13 ಪಟ್ಟು. ಅಲ್ಲಿನ ಒತ್ತಡದಲ್ಲಿ ಯಾವ ಕಲ್ಲನ್ನು ಹಿಂಡಿದರೂ ಅಷ್ಟು ಭಾರ ಆಗುವುದಿಲ್ಲ, ಕಬ್ಬಿಣ ಆಗುತ್ತದೆ. ಪ್ರಯೋಗಾಲಯದಲ್ಲಿ ಎರಡು ವಜ್ರದ ತುದಿಗಳ ನಡುವೆ ಕಬ್ಬಿಣದ ಚೂರು ಇಟ್ಟು ಒತ್ತಿ, ಲೇಸರ್‌ನಿಂದ ಕಾಯಿಸಿ ಇದನ್ನು ಪರೀಕ್ಷಿಸಿದ್ದಾರೆ. ಆಕಾಶದಿಂದ ಬೀಳುವ ಉಲ್ಕಾಶಿಲೆಗಳಲ್ಲಿ ಒಂದು ಜಾತಿ ಪೂರ್ತಿ ಕಬ್ಬಿಣ ಮತ್ತು ನಿಕ್ಕಲ್. ಒಡೆದುಹೋದ ಪುಟ್ಟ ಗ್ರಹಗಳ ನಡುಭಾಗ ಅವು. ಇನ್ನು ಭೂಮಿಯ ಕಾಂತಕ್ಷೇತ್ರ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಆಯಸ್ಕಾಂತವಾಗಿ ಉಳಿಯುವುದಿಲ್ಲ. ಒಳಗೆ ಸಾವಿರಾರು ಡಿಗ್ರಿ ಬಿಸಿ. ಆದ್ದರಿಂದ ಭೂಮಿಯೊಳಗೆ ದೊಡ್ಡದೊಂದು ಆಯಸ್ಕಾಂತ ಕೂತಿದೆ ಅನ್ನುವಂತಿಲ್ಲ. ವಿದ್ಯುತ್ ಹರಿಯಬಲ್ಲ ದ್ರವ ಒಳಗೆ ತಿರುಗಾಡುತ್ತಿದ್ದರೆ ಮಾತ್ರ ಈ ಕ್ಷೇತ್ರ ಉಳಿಯುತ್ತದೆ. ಕರಗಿದ ಕಬ್ಬಿಣ ಅದಕ್ಕೆ ಸರಿಹೊಂದುತ್ತದೆ. ಒಂದು ವಿಷಯ ಮಾತ್ರ ಪೂರ್ತಿ ಹೊಂದುವುದಿಲ್ಲ. ಕೇಂದ್ರಗೋಳ ಶುದ್ಧ ಕಬ್ಬಿಣಕ್ಕಿಂತ ಸ್ವಲ್ಪ ಹಗುರ. ಫ್ರಾನ್ಸಿಸ್ ಬರ್ಚ್ 1952ರಲ್ಲೇ ಇದನ್ನು ಎತ್ತಿ ತೋರಿಸಿದರು. ಗಂಧಕ, ಸಿಲಿಕಾನ್, ಆಮ್ಲಜನಕ, ಇವುಗಳಲ್ಲಿ ಯಾವುದು ಎಷ್ಟು ಬೆರೆತಿದೆ ಅನ್ನುವ ಚರ್ಚೆ ಇವತ್ತಿಗೂ ನಡೆದಿದೆ.

ಇಲ್ಲಿ ನಿಮಗೊಂದು ಸಂದೇಹ ಬಂದಿರಬೇಕು. ಕೆಳಗೆ ಹೋದಂತೆ ಬಿಸಿ ಜಾಸ್ತಿ ಆಗುತ್ತದೆ, ಭೂಕವಚದಲ್ಲಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ. ಹಾಗೇ ಗುಣಿಸಿದರೆ 100 ಕಿ.ಮೀ. ಕೆಳಗೆ 2,500 ಡಿಗ್ರಿ ದಾಟಬೇಕು, ಕಲ್ಲೆಲ್ಲ ಕರಗಿರಬೇಕು! ಹಳೆಯ ಕಾಲದವರು ದ್ರವ ಭೂಮಿಯನ್ನು ನಂಬಿದ್ದಕ್ಕೂ ಇಂಥ ಲೆಕ್ಕವೇ ಕಾರಣ. ತಪ್ಪು ಎರಡು ಕಡೆ ಇದೆ. ಒಂದು, ಬಿಸಿ ಅದೇ ವೇಗದಲ್ಲಿ ಏರುತ್ತ ಹೋಗುವುದಿಲ್ಲ. ಶಾಖ ಕೊಡುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕಣಗಳು ಭೂಕವಚದಲ್ಲಿ ದಟ್ಟವಾಗಿವೆ. ಕೆಳಗೆ ಮ್ಯಾಂಟಲ್ ತಾನೇ ನಿಧಾನವಾಗಿ ಹರಿದು ಶಾಖವನ್ನು ಹೊತ್ತೊಯ್ಯುವುದರಿಂದ ಬಿಸಿ ಅಲ್ಲಿ ಮೆಲ್ಲಗೆ ಏರುತ್ತದೆ. 100 ಕಿ.ಮೀ. ಆಳದಲ್ಲಿ ಸಾಮಾನ್ಯವಾಗಿ 1,300 ಡಿಗ್ರಿ ಆಸುಪಾಸು. ಎರಡು, ಒತ್ತಡ ಹೆಚ್ಚಾದಂತೆ ಕಲ್ಲು ಕರಗಲು ಬೇಕಾದ ಬಿಸಿಯೂ ಹೆಚ್ಚಾಗುತ್ತದೆ. ಕರಗಿದರೆ ಕಲ್ಲು ಉಬ್ಬಬೇಕು, ಒತ್ತಡ ಅದಕ್ಕೆ ಜಾಗ ಕೊಡುವುದಿಲ್ಲ. ಮ್ಯಾಂಟಲ್‌ನ ತಳದಲ್ಲಿ ಒತ್ತಡ ನಮ್ಮ ಮೇಲಿನ ಗಾಳಿಯ ಒತ್ತಡದ 13 ಲಕ್ಷ ಪಟ್ಟಿಗಿಂತ ಜಾಸ್ತಿ, ಭೂಮಿಯ ಕೇಂದ್ರದಲ್ಲಿ ಸುಮಾರು 36 ಲಕ್ಷ ಪಟ್ಟು. ಎಲ್ಲಕ್ಕಿಂತ ಬಿಸಿಯಾದ ಒಳ ಕೇಂದ್ರಗೋಳ ಗಟ್ಟಿಯಾಗಿರುವುದೂ ಇದೇ ಕಾರಣಕ್ಕೆ. ಅಲ್ಲಿ 5,000 ಡಿಗ್ರಿ ದಾಟಿದ ಬಿಸಿ ಇದ್ದರೂ ಒತ್ತಡದ ಕೈ ಮೇಲಾಗಿದೆ.

ಹಾಗಾದರೆ ಲಾವಾ ಎಲ್ಲಿಂದ ಬರುತ್ತದೆ? ಕೆಲವು ನಿರ್ದಿಷ್ಟ ಜಾಗಗಳಲ್ಲಿ, ಹೆಚ್ಚಾಗಿ ಮೇಲಿನ ನೂರು, ನೂರೈವತ್ತು ಕಿ.ಮೀ. ಒಳಗೆ ಕಲ್ಲಿನ ಸ್ವಲ್ಪ ಪಾಲು ಕರಗುತ್ತದೆ. ಸಾಗರದ ನಡುವಿನ ಪರ್ವತಸಾಲುಗಳಲ್ಲಿ ಎರಡು ಫಲಕಗಳು, ಅಂದರೆ ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡುಗಳು, ದೂರ ಸರಿಯುತ್ತವೆ. ಕೆಳಗಿನ ಬಿಸಿ ಕಲ್ಲು ಮೇಲೆ ಏರುತ್ತದೆ. ಬಿಸಿ ಹಾಗೇ ಇದ್ದು ಒತ್ತಡ ಇಳಿಯುತ್ತದೆ, ಕಲ್ಲು ಕರಗುತ್ತದೆ. ಯಾರೂ ಹೊಸದಾಗಿ ಬೆಂಕಿ ಹಚ್ಚಬೇಕಾಗಿಲ್ಲ! ಒಂದು ಫಲಕ ಇನ್ನೊಂದರ ಕೆಳಗೆ ನುಸುಳುವ ಜಾಗದಲ್ಲಿ ಬೇರೆ ರೀತಿ. ನುಸುಳುವ ಫಲಕ ಸಮುದ್ರದ ನೀರನ್ನು ಖನಿಜಗಳಲ್ಲಿ ಹಿಡಿದುಕೊಂಡು ಹೋಗಿ ಸುಮಾರು 100 ಕಿ.ಮೀ. ಆಳದಲ್ಲಿ ಬಿಡುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಜಪಾನ್, ಇಂಡೋನೇಷ್ಯಾ, ಆಂಡಿಸ್ ಪರ್ವತಗಳ ಜ್ವಾಲಾಮುಖಿಗಳು ಇಂಥವು. ಹವಾಯಿಯಂಥ ಜಾಗಗಳಲ್ಲಿ ಆಳದಿಂದ ಹೆಚ್ಚು ಬಿಸಿಯಾದ ಕಲ್ಲು ಕಂಬದಂತೆ ಏರಿ ಬರುತ್ತದೆ.

ಕಲ್ಲು ಹರಿಯುತ್ತದೆ ಅಂದೆ. ಗಟ್ಟಿಯಾದದ್ದು ಹರಿಯುವುದು ಹೇಗೆ ಅಂತ ಕೇಳಬೇಡಿ, ಹಿಮನದಿಯನ್ನು ನೋಡಿ. ಮಂಜುಗಡ್ಡೆಯನ್ನು ಸುತ್ತಿಗೆಯಲ್ಲಿ ಹೊಡೆದರೆ ಒಡೆಯುತ್ತದೆ. ಅದೇ ಮಂಜುಗಡ್ಡೆ ಬೆಟ್ಟದ ಇಳಿಜಾರಿನಲ್ಲಿ ವರ್ಷಗಟ್ಟಲೆ ಹರಿಯುತ್ತದೆ. ಮ್ಯಾಂಟಲ್ ಕೂಡ ಅಷ್ಟೇ. ಸೆಕೆಂಡುಗಳ ಲೆಕ್ಕದಲ್ಲಿ ಬರುವ ಭೂಕಂಪದ ಅಲೆಗೆ ಅದು ಗಟ್ಟಿ, ಸಾವಿರಾರು ವರ್ಷದ ಭಾರಕ್ಕೆ ಅದು ಜಗ್ಗುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಸ್ವೀಡನ್‌ನ ಪೂರ್ವ ಕರಾವಳಿಗೆ ಹೋಗಬೇಕು. ಹಿಮಯುಗದಲ್ಲಿ ಅಲ್ಲಿ ಸುಮಾರು 3 ಕಿ.ಮೀ. ದಪ್ಪದ ಹಿಮ ಕೂತಿತ್ತು. ಅದರ ಭಾರಕ್ಕೆ ನೆಲ ಕುಸಿದು, ಕೆಳಗಿನ ಮ್ಯಾಂಟಲ್ ಪಕ್ಕಕ್ಕೆ ಸರಿದಿತ್ತು. ಹಿಮ ಕರಗಿ ಹತ್ತು ಸಾವಿರ ವರ್ಷ ಆಗುತ್ತ ಬಂತು, ಮ್ಯಾಂಟಲ್ ಇನ್ನೂ ವಾಪಸ್ ಬರುತ್ತಲೇ ಇದೆ. ನೆಲ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏರುತ್ತಿದೆ. ಹೈ ಕೋಸ್ಟ್ ಅನ್ನುವ ಜಾಗದಲ್ಲಿ ಆ ಕಾಲದ ಕಡಲದಂಡೆಯ ಗುರುತು ಈಗ ಸಮುದ್ರ ಮಟ್ಟದಿಂದ 286 ಮೀಟರ್ ಎತ್ತರದ ಗುಡ್ಡದ ಮೇಲಿದೆ.

ಮ್ಯಾಂಟಲ್‌ನ ಕಲ್ಲು ಯಾವುದು ಅಂತ ಹೇಳಲು ಬರೀ ಲೆಕ್ಕ ಬೇಕಿಲ್ಲ, ಕಲ್ಲೇ ಕೈಗೆ ಸಿಗುತ್ತದೆ. ಕೆಲವು ಜ್ವಾಲಾಮುಖಿಗಳ ಶಿಲಾಪಾಕ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ಎಷ್ಟು ರಭಸದಿಂದ ಮೇಲೆ ಬರುತ್ತದೆಂದರೆ, ದಾರಿಯಲ್ಲಿ ಮ್ಯಾಂಟಲ್‌ನ ತುಂಡುಗಳನ್ನು ಕಿತ್ತುಕೊಂಡು ಬರುತ್ತದೆ. ಅಂಥ ಬಸಾಲ್ಟನ್ನು ಒಡೆದರೆ ಕಪ್ಪು ಕಲ್ಲಿನ ನಡುವೆ ಮುಷ್ಟಿ ಗಾತ್ರದ ಹಸಿರು ಉಂಡೆ. ಹತ್ತಿರದಿಂದ ನೋಡಿದರೆ ಸಕ್ಕರೆ ಹರಳಿಗಿಂತ ದೊಡ್ಡದಾದ, ಗಾಜಿನಂತೆ ಹೊಳೆಯುವ ತಿಳಿಹಸಿರು ಕಣಗಳು ಒತ್ತೊತ್ತಾಗಿ ಕೂತಿರುತ್ತವೆ. ಅದು ಒಲಿವಿನ್. ನಡುನಡುವೆ ಗಾಢ ಹಸಿರಿನ ಪೈರಾಕ್ಸಿನ್ ಚುಕ್ಕೆಗಳು. ಕೈಯಲ್ಲಿ ಹಿಡಿದರೆ ಅದೇ ಗಾತ್ರದ ಗ್ರಾನೈಟಿಗಿಂತ ಭಾರ ಅಂತ ತಕ್ಷಣ ಗೊತ್ತಾಗುತ್ತದೆ. ಈ ಕಲ್ಲಿನ ಹೆಸರು ಪೆರಿಡೊಟೈಟ್. ಪ್ರಯೋಗಾಲಯದಲ್ಲಿ ಇದರೊಳಗೆ ಅಲೆಯ ವೇಗ ಅಳೆದರೆ ಮೋಹೋ ಕೆಳಗಿನ ಸುಮಾರು 8 ಕಿ.ಮೀ. ವೇಗವೇ ಸಿಗುತ್ತದೆ. ಅಲೆ ಹೇಳಿದ ವೇಗಕ್ಕೆ ಕಲ್ಲು ಹೆಸರು ಕೊಟ್ಟಿತು.

ಇನ್ನೂ ಆಳಕ್ಕೂ ಇದೇ ದಾರಿ ಹಿಡಿದರು. ಸುಮಾರು 410 ಮತ್ತು 660 ಕಿ.ಮೀ. ಆಳದಲ್ಲಿ ಅಲೆಗಳ ವೇಗ ಒಮ್ಮೆಲೇ ಜಿಗಿಯುತ್ತದೆ. ಒಲಿವಿನ್ ಅನ್ನು ಒತ್ತುತ್ತ ಹೋದರೆ ಆ ಆಳಗಳ ಒತ್ತಡದಲ್ಲೇ ಅದರ ಅಣುಗಳು ಇನ್ನೂ ಒತ್ತೊತ್ತಾಗಿ ಜೋಡಿಕೊಂಡು ಬೇರೆ ಖನಿಜವಾಗುತ್ತದೆ. ಅದರಲ್ಲಿ ರಿಂಗ್‌ವುಡೈಟ್ ಅನ್ನುವುದು ಸುಮಾರು 525ರಿಂದ 660 ಕಿ.ಮೀ. ನಡುವೆ ಇರಬೇಕು ಅಂತ ಪ್ರಯೋಗಗಳು ಹೇಳಿದ್ದವು. ಉಲ್ಕೆಗಳಲ್ಲಿ ಅದು ಸಿಕ್ಕಿತ್ತು, ಭೂಮಿಯ ಆಳದಿಂದ ಬಂದದ್ದು ಸಿಕ್ಕಿರಲಿಲ್ಲ. 2014ರಲ್ಲಿ ಬ್ರೆಜಿಲ್‌ನ ಜುಯಿನಾದ ಒಂದು ವಜ್ರದೊಳಗೆ ಕಣ್ಣಿಗೆ ಕಾಣದಷ್ಟು ಪುಟ್ಟ ರಿಂಗ್‌ವುಡೈಟ್ ಕಣ ಸಿಕ್ಕಿಹಾಕಿಕೊಂಡಿದ್ದು ಪತ್ತೆಯಾಯಿತು. ಅದರ ತೂಕದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಜಾಸ್ತಿ ನೀರಿತ್ತು, ಖನಿಜದ ಜೋಡಣೆಯೊಳಗೆ ಬೆರೆತ ರೂಪದಲ್ಲಿ. ಕಾಗದದ ಮೇಲೆ ಬರೆದಿದ್ದ ಖನಿಜ ತಾನಾಗಿಯೇ ಮೇಲೆ ಬಂದು ಹಾಜರಿ ಹಾಕಿದಂತಾಯಿತು.

ಕೊನೆಯದಾಗಿ, ಕೊರೆಯುವ ಪ್ರಯತ್ನ ನಿಂತಿಲ್ಲ. ಸಾಗರದ ಕೆಳಗೆ ಭೂಕವಚ ತೆಳು, ಆದ್ದರಿಂದ ಅಲ್ಲೇ ಕೊರೆಯುವುದು ಜಾಣತನ. 1961ರಲ್ಲಿ ಅಮೆರಿಕದ ಮೋಹೋಲ್ ಯೋಜನೆ ಮೆಕ್ಸಿಕೊ ಕಡೆಯ ಪೆಸಿಫಿಕ್ ಸಾಗರದಲ್ಲಿ ಇದಕ್ಕೆ ಕೈಹಾಕಿತು. ಸಾಗರದ ತಳದಲ್ಲಿ 183 ಮೀಟರ್ ಕೊರೆಯಿತು, 1966ರಲ್ಲಿ ಹಣ ನಿಂತು ಯೋಜನೆಯೂ ನಿಂತಿತು. 2023ರಲ್ಲಿ ಜಾಯ್ಡಿಸ್ ರೆಸೊಲ್ಯೂಷನ್ ಅನ್ನುವ ಹಡಗು ಅಟ್ಲಾಂಟಿಕ್ ಸಾಗರದ ನಡುವೆ, ಮ್ಯಾಂಟಲ್ ಕಲ್ಲು ತಾನಾಗಿಯೇ ಮೇಲೆ ತಳ್ಳಲ್ಪಟ್ಟಿರುವ ಜಾಗದಲ್ಲಿ 1,268 ಮೀಟರ್ ಕೊರೆದು, ಆ ಕಲ್ಲಿನ ಉದ್ದನೆಯ ತುಂಡುಗಳನ್ನು ಹೊರತೆಗೆಯಿತು. ಅದು ಪೆರಿಡೊಟೈಟೇ, ಸಮುದ್ರದ ನೀರು ತಾಗಿ ಬಹುಪಾಲು ಸರ್ಪೆಂಟೈನ್ ಅನ್ನುವ ಖನಿಜವಾಗಿ ಬದಲಾದದ್ದು. ನೀರು ತಾಗದ, ತನ್ನ ಜಾಗದಲ್ಲೇ ಇರುವ ಮ್ಯಾಂಟಲ್‌ಗೆ ಮೋಹೋ ದಾಟಿ ಇನ್ನೂ ಯಾರೂ ಇಳಿದಿಲ್ಲ. ಕೋಲಾದಲ್ಲಿ ಆದಂತೆ ಅಲ್ಲೂ ಅಳತೆ ಸರಿ ಇದ್ದು ಕಲ್ಲಿನ ವಿವರ ಬೇರೆ ಇರಬಹುದು. ಉದಾಹರಣೆಗೆ, ಸಾಗರದ ಕೆಳಗೆ ಕೆಲವು ಕಡೆ ಮೋಹೋ ಅನ್ನುವ ಗಡಿ ನಿಜವಾಗಿ ಎರಡು ಬೇರೆ ಕಲ್ಲುಗಳ ನಡುವೆ ಇದೆಯಾ, ಅಥವಾ ನೀರು ಎಷ್ಟು ಆಳಕ್ಕೆ ಇಳಿದು ಪೆರಿಡೊಟೈಟನ್ನು ಬದಲಿಸಿದೆಯೋ ಅಲ್ಲಿಗೆ ಇದೆಯಾ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಎರಡಕ್ಕೂ ಅಲೆಯ ವೇಗ ಹೆಚ್ಚುಕಡಿಮೆ ಒಂದೇ ರೀತಿ ಬದಲಾಗುತ್ತದೆ. ಅದನ್ನು ಬಿಡಿಸಿ ಹೇಳಲು ಕೊರೆದು ತಂದ ಕಲ್ಲೇ ಬೇಕು.